ಲೆನ್ಸಣ್ಣ ಗುರಿ ಕಲಿತದ್ದು

ಕನ್ನಡಕದಂಗಡಿಯ ಲೆನ್ಸಣ್ಣ ಬಂದೂಕು ಹಿಡಿಯುತ್ತಾನಂತೆ ಎಂಬ ಸುದ್ದಿ ಹಬ್ಬಿದ ದಿನ ಊರಿಗೆ ಊರೇ ನಕ್ಕಿತು. ನಕ್ಕವರನ್ನು ದೂರುವಂತಿಲ್ಲ. ನಲವತ್ತು ದಾಟಿದ ಆ ಮನುಷ್ಯ ಅಲ್ಲಿಯವರೆಗೆ ಹಿಡಿದ ಆಯುಧವೆಂದರೆ ಕನ್ನಡಕದ ಕಾಲು ಬಿಗಿಮಾಡುವ ಸ್ಕ್ರೂಡ್ರೈವರ್ ಒಂದೇ, ಅದೂ ಬೆಂಕಿಕಡ್ಡಿಗಿಂತ ಸಣ್ಣದು. ಬಲೂನು ಒಡೆದರೆ ಬೆಚ್ಚಿಬೀಳುವ ಜೀವ ಅದು. ಮನೆಯಲ್ಲಿ ಜಿರಲೆ ಕಂಡರೆ ಕುರ್ಚಿ ಹತ್ತಿ ಹೆಂಡತಿಯನ್ನು ಕೂಗುವವನು.

ಅವನ ಅಂಗಡಿ ಉದ್ದಕ್ಕೆ ಒಂದು ಓಣಿಯಂತಿತ್ತು. ಒಂದು ತುದಿಯಲ್ಲಿ ಕನ್ನಡಿ, ಇನ್ನೊಂದು ತುದಿಯಲ್ಲಿ ಅಕ್ಷರಗಳ ಫಲಕ, ನಡುವೆ ಒಂದು ತಿರುಗುವ ಕುರ್ಚಿ. ಬಂದವರ ಮೂಗಿನ ಮೇಲೆ ಪರೀಕ್ಷೆಯ ಕಬ್ಬಿಣದ ಚೌಕಟ್ಟು ಏರಿಸಿ, ಒಂದೊಂದೇ ಗಾಜು ಇಳಿಸುತ್ತ, "ಇದು ಸ್ಪಷ್ಟವೋ, ಅದೋ? ಈಗ? ಹಿಂದಿನದೋ, ಇದೋ?" ಎಂದು ಕೇಳುವುದು ಅವನ ದಿನಚರಿ. ಆ ಪ್ರಶ್ನೆ ಅವನ ನಾಲಿಗೆಗೆ ಎಷ್ಟು ಅಂಟಿಕೊಂಡಿತ್ತೆಂದರೆ, ಮನೆಯಲ್ಲಿ ಎರಡು ದಿಂಬು ಕಂಡರೂ ಅದನ್ನೇ ಕೇಳುತ್ತಿದ್ದ. ಹೆಂಡತಿ, "ಎರಡೂ ಮಸುಕು, ಸುಮ್ನೆ ಮಲಗಿ" ಎನ್ನುತ್ತಿದ್ದಳು.

ಆ ಹೆಂಡತಿಯ ಬಗ್ಗೆ ಹೇಳದೆ ಈ ಕತೆ ಮುಂದೆ ಹೋಗುವುದಿಲ್ಲ. ಅವಳು ಶಾಲೆಯ ವ್ಯಾನ್ ಓಡಿಸುತ್ತಿದ್ದಳು. ಹಾರನ್ನಿಗಿಂತ ಅವಳ ಗಂಟಲೇ ಗಟ್ಟಿ. ಬೀದಿಯ ತಿರುವಿನಲ್ಲಿ ಅವಳೊಮ್ಮೆ ಕೂಗಿದಳೆಂದರೆ ಮಕ್ಕಳು ಒಂದು ಕಾಲಿಗೆ ಬೂಟು ಹಾಕಿಕೊಂಡು, ಇನ್ನೊಂದನ್ನು ಕೈಯಲ್ಲಿ ಹಿಡಿದು ಓಡಿಬರುತ್ತಿದ್ದರು. ವ್ಯಾನ್ ನಿಲ್ಲಿಸುವ ಶೆಡ್ಡು ಮನೆಯ ಹಿಂದಿನ ಓಣಿಯ ಕೊನೆಗೆ, ಜೋಳದ ಹೊಲದ ಮಗ್ಗುಲಿಗೆ. ಅದೇ ಓಣಿಯಲ್ಲಿ ಒಂದು ಬೆಳಗ್ಗೆ ಒಂಟಿ ಗಂಡುಹಂದಿಯೊಂದು ಅವಳ ಮೇಲೆ ಬಿತ್ತು.

ಕಾಡುಹಂದಿಗಳು ಗುಡ್ಡದಿಂದ ಇಳಿದು ಬರುವುದು ಹೊಸದಲ್ಲ. ಮನುಷ್ಯರನ್ನು ಕಂಡರೆ ಅವು ಬಾಲ ಎತ್ತಿಕೊಂಡು ಓಡುತ್ತಿದ್ದವು. ಆದರೆ ಈ ಒಂಟಿಗನಿಗೆ ಯಾರೋ ಪುಣ್ಯಾತ್ಮರು ಹಕ್ಕಿ ಹೊಡೆಯುವ ಚರೆಯಿಂದ ಹೊಡೆದಿದ್ದರು. ಚರೆ ಎಂದರೆ ಒಂದೇ ತೋಟಾದೊಳಗೆ ಹಿಡಿಗಟ್ಟಲೆ ಸಣ್ಣ ಕಾಳು. ಹಕ್ಕಿಗೆ ಸಾಕು, ಹಂದಿಗೆ ಕಡಿತ ಮಾತ್ರ. ಅದು ಸಾಯಲಿಲ್ಲ, ಕುಂಟಾಯಿತು. ಓಡಲಾರದ ಪ್ರಾಣಿ ಎದುರು ಬೀಳುವುದನ್ನು ಕಲಿಯಿತು. ಅವಳ ಕಾಲು ಮುರಿಯಿತು. ಬೇಲಿ ಹಾರಿ ಬಂದ ನೆರೆಯವರ ಗದ್ದಲಕ್ಕೆ ಹೆದರಿ ಅದು ಹಿಂದೆ ಸರಿದದ್ದರಿಂದ ಜೀವ ಉಳಿಯಿತು.

ಎಲುಬು ಚೆನ್ನಾಗಿ ಕೂಡಿದೆ, ಇನ್ನು ನಡೆಯಿರಿ ಎಂದರು ಡಾಕ್ಟರು. ಅವಳು ನಡೆದಳು ಕೂಡ. ಅಡುಗೆಮನೆಯಿಂದ ಅಂಗಳಕ್ಕೆ, ಅಂಗಳದಿಂದ ಗೇಟಿಗೆ. ಗೇಟಿನ ಚಿಲಕಕ್ಕೆ ಕೈ ಹಾಕಿದ ಕೂಡಲೇ ಮುಖ ಬಿಳಿಚಿಕೊಳ್ಳುತ್ತಿತ್ತು. ಊರುಗೋಲನ್ನು ಗೋಡೆಗೆ ಆನಿಸಿ ಅಲ್ಲೇ ಕಟ್ಟೆಯ ಮೇಲೆ ಕೂತುಬಿಡುತ್ತಿದ್ದಳು. ಬೀದಿಯಲ್ಲಿ ಅವಳ ವ್ಯಾನಿಗೆ ಬದಲಿಯಾಗಿ ಬಂದ ಹುಡುಗ ಹಾರನ್ ಹೊಡೆದಾಗ ಕಿವಿ ಮುಚ್ಚಿಕೊಳ್ಳುತ್ತಿದ್ದಳು. ಒಂದು ದಿನ ವ್ಯಾನಿನ ಕೀಲಿಕೈಯನ್ನು ಗಂಡನ ಕೈಗೆ ತುರುಕಿ, "ಇದನ್ನ ಆ ಹುಡುಗನಿಗೇ ಕೊಟ್ಬಿಡಿ. ನನ್ನ ಕೈಲಿ ಇನ್ನಾಗಲ್ಲ" ಎಂದಳು. ಲೆನ್ಸಣ್ಣ ಆಯಿತು ಎಂದ. ಬದಲಿ ಡ್ರೈವರ್ ಹತ್ತಿರ ಇನ್ನೊಂದು ಕೀಲಿಕೈ ಇತ್ತು. ಇದನ್ನು ಜೇಬಿಗಿಳಿಸಿದ, ಕೊಡಲಿಲ್ಲ. ದಿನಾ ಪ್ಯಾಂಟು ಬದಲಾಯಿಸುವಾಗ ಕೀಲಿಕೈಯೂ ಜೇಬು ಬದಲಾಯಿಸುತ್ತಿತ್ತು.

ಪುರಸಭೆಯವರು ಆ ಹಂದಿಯನ್ನು ಹೊಡೆಯಲು ಒಂದು ಸಣ್ಣ ತಂಡ ಮಾಡಿದ್ದು ಆಗಲೇ. ಷರತ್ತು ಕಟ್ಟುನಿಟ್ಟು: ಮನೆಗಳು ಹತ್ತಿರ ಇರುವುದರಿಂದ ಚರೆ ಮುಟ್ಟುವಂತಿಲ್ಲ, ಸ್ಲಗ್ ಮಾತ್ರ. ಸ್ಲಗ್ ಎಂದರೆ ತೋಟಾದೊಳಗೆ ಹೆಬ್ಬೆರಳ ತುದಿಯಷ್ಟು ದಪ್ಪದ ಒಂದೇ ಗುಂಡು. ಬಿದ್ದರೆ ಪ್ರಾಣಿ ನರಳದೆ ಬೀಳಬೇಕು, ತಪ್ಪಿದರೆ ಹಿಂದಿನ ಮಣ್ಣು ಅದನ್ನು ನುಂಗಬೇಕು. ಐವತ್ತು ಮೀಟರಿನಾಚೆ ಊಟದ ತಟ್ಟೆಯಗಲದ ಗುರಿಗೆ ಹೊಡೆದು ತೋರಿಸಿದವರಿಗಷ್ಟೇ ಅನುಮತಿ. ಲೆನ್ಸಣ್ಣ ನೆಟ್ಟಗೆ ಹೋಗಿ ಹೆಸರು ಕೊಟ್ಟು ಬಂದ.

ಮನೆಯಲ್ಲಿ ಹೆಂಡತಿ ನಗಲಿಲ್ಲ. "ಗಾಯ ಮಾಡಿ ಬಿಟ್ರೆ ಅದು ಇನ್ನೂ ಕೆಡುತ್ತೆ. ಅದನ್ನ ಯಾರೋ ಹಾಗೆ ಮಾಡಿದ್ದಕ್ಕೇ ನಾನು ಹೀಗಾದೆ," ಎಂದಳು. "ಹೋಗೋದಾದ್ರೆ ಒಂದೇ ಸದ್ದು ಕೇಳ್ಬೇಕು ನನಗೆ. ಎರಡನೇದು ಕೇಳಿದ್ರೆ ನಾನು ಈ ಗೇಟು ದಾಟಲ್ಲ, ತಿಳ್ಕೊಳ್ಳಿ."

ಹೀಗೆ ಅವನ ಪಾಲಿಗೆ ಹಂದಿಯ ಬೇಟೆ ಗೇಟಿನ ಚಿಲಕದ ಬೇಟೆಯಾಯಿತು.

ಬಂದೂಕು ಹೆಂಡತಿಯ ಅಪ್ಪನದು. ಈ ಮಾವ ಕಲ್ಲುಗಣಿಯಲ್ಲಿ ಬಂಡೆ ಸಿಡಿಸುವ ಕೆಲಸ ಮಾಡಿ ನಿವೃತ್ತನಾದವನು. ಕಿವಿ ಅರ್ಧ ಗಣಿಯಲ್ಲೇ ಬಿಟ್ಟು ಬಂದಿದ್ದ, ಗಂಟಲನ್ನು ಮಾತ್ರ ಇಡಿಯಾಗಿ ತಂದಿದ್ದ. ಮನಸ್ಸು ಸರಿಯಿದ್ದಾಗ ಅಳಿಯನನ್ನು "ಅಳಿಯಂದ್ರೇ, ಬನ್ನಿ" ಎನ್ನುವನು, ತಲೆ ಕೆಟ್ಟಾಗ "ಲೋ ಅಳಿಯಾ, ಬಾರೋ" ಎನ್ನುವನು. ಆ ತಿಂಗಳು ಲೆನ್ಸಣ್ಣ ಕೇಳಿಸಿಕೊಂಡದ್ದೆಲ್ಲ ಎರಡನೆಯದೇ.

ಅದಕ್ಕೆ ನಾಂದಿ ಹಾಡಿದ್ದು ತೋಟಾ ಖರೀದಿ. ಮಾವನನ್ನು ಕೇಳದೆ, ಅಭ್ಯಾಸಕ್ಕೆಂದು ಕೊಟ್ಟ ಪರವಾನಗಿ ಕಾಗದ ಕೈಗೆ ಬಂದದ್ದೇ ತಡ, ಲೆನ್ಸಣ್ಣ ಬಂದೂಕಿನ ಅಂಗಡಿಗೆ ಹೋಗಿ ಇದ್ದದ್ದರಲ್ಲಿ ದುಬಾರಿ ಸ್ಲಗ್ ಕೊಡಿ ಎಂದ. ಅಂಗಡಿಯವನು "ನಿಮ್ಮ ನಳಿಗೆ ಯಾವುದು, ಸಾರ್?" ಎಂದು ಕೇಳಿದ. ಗೊತ್ತಿಲ್ಲ ಎನ್ನಲು ನಾಚಿಕೆ. "ಒಳ್ಳೇದೇ" ಎಂದ. ತನ್ನ ಅಂಗಡಿಯಲ್ಲಿ ಯಾರಾದರೂ ಹೀಗೆ ಉತ್ತರಿಸಿದ್ದರೆ ಹಿಂದಿನಿಂದ ಎಷ್ಟು ನಗುತ್ತಿದ್ದನೋ ದೇವರೇ ಬಲ್ಲ.

ಹಳೆಯ ಗಣಿಯಲ್ಲಿ ಎತ್ತರದ ಮಣ್ಣಿನ ದಿಬ್ಬವಿತ್ತು. ಅದರ ಮುಂದೆ ಕಾಗದ ಕಟ್ಟಿ ಅಭ್ಯಾಸ. ಮಾವ ಮೊದಲು ಅಳಿಯನ ಕಿವಿಗೆ ಸದ್ದು ತಡೆಯುವ ದಪ್ಪ ಮಫ್ ಏರಿಸಿ, "ನನ್ನ ಕಿವಿ ನೋಡಿ ಬುದ್ಧಿ ಕಲಿ" ಎಂದು ಅರಚಿದ. ಮರಳಿನ ಚೀಲದ ಮೇಲೆ ಬಂದೂಕು ಇರಿಸಿ, ಎಡಗಣ್ಣು ಮುಚ್ಚಿಸಿ, ಹತ್ತಿರದ ಗುರಿಗೇ ಹೊಡೆಸಿದ. ಸದ್ದಿಗೆ ಗಣಿಯ ಪಾರಿವಾಳಗಳೆಲ್ಲ ಎದ್ದವು. ಕಾಗದದ ಮೇಲಿನ ತೂತುಗಳು ಒಂದು ಪೂರ್ವಕ್ಕೆ, ಒಂದು ಪಶ್ಚಿಮಕ್ಕೆ. ಒಂದಂತೂ ದುಂಡಗೆ ಇರಲೇ ಇಲ್ಲ, ಉದ್ದುದ್ದಕ್ಕೆ ಸೀಳಿದಂತಿತ್ತು.

"ಬಂದೂಕೇ ಸರಿಯಿಲ್ಲ, ಮಾವ," ಎಂದ ಲೆನ್ಸಣ್ಣ.

"ಕುಣಿಯಲಾರದವಳು ನೆಲ ಡೊಂಕು ಅಂದಳಂತೆ!" ಮಾವ ತೋಟಾದ ಡಬ್ಬಿ ಎತ್ತಿ ನೋಡಿದ. ಆಮೇಲೆ ಬಂದೂಕು ಖಾಲಿ ಮಾಡಿ, ಬಿಚ್ಚಿ, ನಳಿಗೆಯನ್ನು ಆಕಾಶಕ್ಕೆ ಹಿಡಿದು, "ಬಾ, ಒಳಗೆ ನೋಡು. ಏನ್ ಕಾಣ್ಸುತ್ತೆ?" ಎಂದ.

"ಏನೂ ಇಲ್ಲ. ನುಣ್ಣಗಿದೆ."

"ಹಾಂ, ನುಣ್ಣಗಿದೆ. ನೀನು ತಂದಿರೋದು ಪ್ಲಾಸ್ಟಿಕ್ ಅಂಗಿ ತೊಟ್ಟ ಗುಂಡು. ಒಳಗೆ ತಿರುಪಿನ ಗೆರೆ ಇರೋ ನಳಿಗೆಗೆ ಮಾಡಿದ್ದು. ಆ ಗೆರೆ ಅದನ್ನ ಬುಗುರಿ ಥರ ತಿರುಗಿಸುತ್ತೆ, ತಿರುಗಿದ್ರೆ ನೆಟ್ಟಗೆ ಹೋಗುತ್ತೆ. ಇಲ್ಲಿ ತಿರುಗಿಸೋರು ಯಾರು? ನಿಮ್ಮಪ್ಪನಾ? ಅಡ್ಡಡ್ಡ ಬೀಳ್ತಾ ಹೋಗಿದೆ, ಅದಕ್ಕೇ ಸೀಳು ತೂತು." ಮಾವ ಜೇಬಿನಿಂದ ಒಂದು ಸಾದಾ ಸ್ಲಗ್ ತೆಗೆದು ತೋರಿಸಿದ. "ನಮ್ಮ ನಳಿಗೆಗೆ ಇಂಥದು ಬೇಕು. ಮೂತಿ ಭಾರ, ಹಿಂದೆ ಟೊಳ್ಳು. ಶಟಲ್ ಕಾಕ್ ಇದ್ದ ಹಾಗೆ, ತನ್ನಷ್ಟಕ್ಕೆ ಮೂತಿ ಮುಂದೆ ಮಾಡ್ಕೊಂಡು ಹೋಗುತ್ತೆ. ಲೋ ಅಳಿಯಾ, ನಿನ್ನ ಅಂಗಡಿಗೆ ಬಂದವರಿಗೆ ಕಣ್ಣು ನೋಡದೇ ಕನ್ನಡಕ ಕೊಡ್ತೀಯೇನೋ?"

ಬೈಗುಳದಲ್ಲಿ ಕೊನೆಯ ಮಾತು ಮಾತ್ರ ಲೆನ್ಸಣ್ಣನಿಗೆ ಸರಿಯಾಗಿ ತಾಕಿತು. ಕಣ್ಣು ನೋಡದೇ ಕನ್ನಡಕ! ರಾತ್ರಿಯೆಲ್ಲ ಅದನ್ನೇ ಮೆಲುಕು ಹಾಕಿದ. ಮರುದಿನ ಅದೇ ಅಂಗಡಿಗೆ ಹೋಗಿ, ತಲೆ ತಗ್ಗಿಸಿ, "ನುಣುಪು ನಳಿಗೆ. ಅದಕ್ಕೆ ಹೊಂದೋ ಸ್ಲಗ್ ಎಷ್ಟು ಥರ ಇದೆಯೋ ಅಷ್ಟರಲ್ಲೂ ಒಂದೊಂದು ಡಬ್ಬಿ ಕೊಡಿ" ಎಂದ. ಒಂದೇ ನಳಿಗೆ, ಒಂದೇ ಚೀಲ, ಒಂದೇ ದೂರ. ಒಂದೊಂದು ಜಾತಿಗೆ ಹೊಸ ಕಾಗದ ಕಟ್ಟಿ, ನಡುವೆ ನಳಿಗೆ ಆರಲು ಬಿಟ್ಟು, ನಿಧಾನವಾಗಿ ಮೂರು ಮೂರು ಗುಂಡು ಹೊಡೆದ. ಗುರಿಯ ನಟ್ಟನಡುವೆ ಬಿತ್ತೋ ಇಲ್ಲವೋ ಎಂದು ನೋಡಲಿಲ್ಲ, ತೂತುಗಳು ಒಂದಕ್ಕೊಂದು ಎಷ್ಟು ಹತ್ತಿರ ಇವೆ ಎಂದಷ್ಟೇ ನೋಡಿದ. ಕಾಗದಗಳನ್ನು ಸಾಲಾಗಿ ಹರಡಿ ಬಂದೂಕನ್ನು ಕೇಳಿದ: "ಇದು ಸ್ಪಷ್ಟವೋ, ಅದೋ?"

ಭಾರದ ಗುಂಡು ಭುಜವನ್ನು ಜಜ್ಜಿ ಹಾಕಿತು, ತೂತುಗಳೂ ಚದುರಿದವು. ಹೆಸರುವಾಸಿ ಡಬ್ಬಿಯದು ಪರವಾಗಿಲ್ಲ. ಯಾರೂ ಕೇಳದ, ಧೂಳು ಹಿಡಿದ ಡಬ್ಬಿಯ ಹಗುರ ಸ್ಲಗ್ ಮಾತ್ರ ಮೂರು ತೂತನ್ನೂ ಒಂದು ಟೀ ಲೋಟದ ಬಾಯಿಯೊಳಗೆ ಇಳಿಸಿತು. ಒದೆತವೂ ಕಡಿಮೆ. ಮಾವ ಕಾಗದವನ್ನು ಬೆಳಕಿಗೆ ಹಿಡಿದು ನೋಡಿ, ಬೈಯಲು ಏನೂ ಸಿಗದೆ ಕೆಮ್ಮಿದ. ಪರೀಕ್ಷೆಗೂ ಹಂದಿಗೂ ಅದೇ ಡಬ್ಬಿ, ಬೇರೆ ಯಾವುದನ್ನೂ ಬೆರೆಸಬಾರದು ಎಂದು ತೀರ್ಮಾನವಾಯಿತು.

ಇಲ್ಲಿಗೆ ಮುಗಿಯಿತು ಎಂದುಕೊಂಡರೆ ನಿಜವಾದ ಫಜೀತಿ ಶುರುವಾದದ್ದು ಎದ್ದು ನಿಂತ ಮೇಲೆ. ಪ್ರಾಣಿ ಮರಳಿನ ಚೀಲ ತರುವವರೆಗೆ ಕಾಯುವುದಿಲ್ಲ, ನಿಂತು ಹೊಡಿ, ಎರಡೂ ಕಣ್ಣು ತೆರೆದಿಟ್ಟು ಹೊಡಿ, ಸುತ್ತಮುತ್ತ ಯಾರಿದ್ದಾರೆ ಕಾಣಬೇಕು ಎಂದ ಮಾವ. ಮಾತು ಸರಿಯೇ. ಆದರೆ ಎರಡೂ ಕಣ್ಣು ತೆರೆದು ಹೊಡೆದ ಗುಂಡು ಕಾಗದದ ಗೊಡವೆಗೇ ಹೋಗಲಿಲ್ಲ. ದೂರ ಎಡಕ್ಕೆ, ದಿಬ್ಬದ ಮೇಲೆ ಧೂಳು ಎದ್ದಿತು. ಇನ್ನೊಂದು. ಮತ್ತೆ ಎಡಕ್ಕೇ ಧೂಳು.

ಹೆದರುತ್ತಿದ್ದಾನೆ ಎಂದುಕೊಂಡ ಮಾವ. ಅಳಿಯನಿಗೆ ಕಾಣದಂತೆ ಒಮ್ಮೆ ಹುಸಿ ತೋಟಾ ತುಂಬಿಸಿ ಕೊಟ್ಟ. ಟ್ರಿಗರ್ ಟಿಕ್ ಎಂದಿತು, ಗುಂಡು ಹಾರಲಿಲ್ಲ, ನಳಿಗೆಯ ಮೂತಿ ಮಾತ್ರ ಗೋಣು ಮುರಿದ ಕೋಳಿಯಂತೆ ಕೆಳಗೆ ಬಿತ್ತು. "ನೋಡ್ದೆಯಾ! ಸದ್ದು ಬರೋಕೆ ಮುಂಚೆನೇ ಬಗ್ತೀಯ." ಅದು ನಿಜವಾದ ರೋಗವೇ. ಅಸಲಿ ಯಾವುದು, ಹುಸಿ ಯಾವುದು ತಿಳಿಯದಂತೆ ಬೆರೆಸಿ ಕೊಟ್ಟು, ಉಸಿರು ಬಿಡುತ್ತ ಟ್ರಿಗರನ್ನು ಮೆಲ್ಲಗೆ ಒತ್ತಿಸಿ, ಕೆನ್ನೆಯನ್ನು ಮರದ ಹಿಡಿಗೆ ಅಂಟಿಸಿ ಇಡಿಸಿ, ಮಾವ ಆ ರೋಗವನ್ನು ಬಿಡಿಸಿದ. ಬಗ್ಗುವುದು ನಿಂತಿತು, ಎಡಕ್ಕೆ ಹೋಗುವುದು ನಿಲ್ಲಲಿಲ್ಲ.

"ಗುಂಡಿಗೂ ನಿನ್ನ ಮುಖ ನೋಡೋಕೆ ಇಷ್ಟ ಇಲ್ಲ ಕಣೋ!"

"ನಿಮಗೆ ವಯಸ್ಸಾಯ್ತು ಮಾವ, ನಿಮಗೇ ಕಣ್ಣು ಕಾಣ್ಸಲ್ಲ!"

ಆಡಬಾರದ ಮಾತು ಆಡಿಬಿಟ್ಟಿದ್ದ. ಇಬ್ಬರೂ ಮೂತಿ ಊದಿಸಿಕೊಂಡು ಗಣಿಯಿಂದ ಮನೆಗೆ ಬಂದರು. ಪರೀಕ್ಷೆ ಆ ವಾರವೇ. ಲೆನ್ಸಣ್ಣನಿಗೆ ಒಳಗೊಳಗೇ ಅಳು ಬರುತ್ತಿತ್ತು. ಹೊಲದ ಕಡೆ ನೋಡಿದರೆ ಹಂದಿಯ ನೆನಪಾಗುತ್ತಿರಲಿಲ್ಲ, ಕಟ್ಟೆಯ ಮೇಲೆ ಕೂತ ಹೆಂಡತಿಯ ನೆನಪಾಗುತ್ತಿತ್ತು. ತಾನು ಸೋತರೆ ಅವಳು ಅಲ್ಲೇ ಕೂತು ಮುದುಕಿಯಾಗುತ್ತಾಳೆ ಎಂದು ಅವನ ಮನಸ್ಸು ಹೇಳುತ್ತಿತ್ತು.

ಮಾವನ ಕಣ್ಣೇ ಕೆಟ್ಟಿದೆ ಎಂದು ಸಾಧಿಸಿಯೇ ತೀರಬೇಕೆಂದು ಅವನು ಅಂಗಡಿಯಿಂದ ಒಂದು ರಟ್ಟು ತಂದ. ನಡುವೆ ನಾಣ್ಯದಗಲದ ತೂತಿರುವ ರಟ್ಟು. ಎರಡೂ ಕೈಯಿಂದ ಹಿಡಿದು, ತೋಳು ಚಾಚಿ, ಎರಡೂ ಕಣ್ಣು ತೆರೆದು ತೂತಿನಿಂದ ದೂರದ ವಸ್ತು ನೋಡಬೇಕು. ಮನುಷ್ಯನಿಗೆ ಕೈಯಲ್ಲಿ ಬಲಗೈಯೋ ಎಡಗೈಯೋ ಮುಂದಾದಂತೆ ಕಣ್ಣಲ್ಲೂ ಒಂದು ಯಜಮಾನ ಇರುತ್ತದೆ, ತೂತಿನ ಹಿಂದೆ ತಾನಾಗಿ ಬಂದು ನಿಲ್ಲುವುದು ಅದೇ. ಇಷ್ಟು ವರ್ಷ ಊರಿನವರಿಗೆಲ್ಲ ಈ ಪರೀಕ್ಷೆ ಮಾಡಿದ್ದಾನೆ. ಮಾವ ಗೊಣಗುತ್ತಲೇ ರಟ್ಟು ಹಿಡಿದ. ಬಲಗಣ್ಣು, ಪಕ್ಕಾ. ಬಂದೂಕು ಹಿಡಿಯುವ ಭುಜದ ಕಡೆಯದೇ, ತಪ್ಪು ಹಿಡಿಯಲು ಏನೂ ಇಲ್ಲ.

ಕಟ್ಟೆಯ ಮೇಲಿಂದ ಹೆಂಡತಿ ಇದನ್ನೆಲ್ಲ ನೋಡುತ್ತಿದ್ದಳು. "ನಿಮ್ಮದು ನೋಡಿದ್ದೀರಾ?" ಎಂದಳು.

"ನಂದೇನು ನೋಡೋದು? ನಾನು ಬಲಗೈಯವನು, ಬಲಗಣ್ಣೇ ಇರುತ್ತೆ."

"ಹಿಡೀರಿ. ತೂತಿನಲ್ಲಿ ನನ್ನ ಮೂಗು ನೋಡಿ."

ಅವನು ಹಿಡಿದ. ಅವಳು ಆ ಕಡೆಯಿಂದ ಬಗ್ಗಿ ನೋಡಿದಳು. ಕಾಲು ಮುರಿದ ಮೇಲೆ ಮೊದಲ ಸಲ ಅವಳು ಬಾಯ್ತುಂಬ ನಕ್ಕಳು. "ಅಪ್ಪಾ, ಬಾ ಇಲ್ಲಿ! ಈ ತೂತಿನಲ್ಲಿ ಕಾಣ್ತಿರೋದು ಇವರ ಎಡಗಣ್ಣು!"

ದೀಪದ ಬುಡದಲ್ಲಿ ಕತ್ತಲೆ ಎಂದರೆ ಇದೇ. ಊರಿನ ಕಣ್ಣಿನ ಲೆಕ್ಕವೆಲ್ಲ ಬಾಯಿಪಾಠ ಇದ್ದವನು ತನ್ನ ಮೂಗಿನ ಎರಡೂ ಕಡೆ ಏನಿದೆ ಎಂದು ನೋಡಿರಲಿಲ್ಲ. ಬಂದೂಕು ಬಲಭುಜದಲ್ಲಿ, ಯಜಮಾನ ಎಡಗಣ್ಣಿನಲ್ಲಿ. ಎರಡೂ ತೆರೆದಾಗ ಎಡಗಣ್ಣು ಗುರಿ ಹಿಡಿಯಲು ನಳಿಗೆಯ ತುದಿಯಲ್ಲಿರುವ ಹಿತ್ತಾಳೆ ಮಣಿಯನ್ನು ತನ್ನ ಕಡೆ ಎಳೆದುಕೊಳ್ಳುತ್ತಿತ್ತು, ಗುಂಡು ಪಾಪ ಯಜಮಾನ ಹೇಳಿದ ಕಡೆ ಹೋಗುತ್ತಿತ್ತು. ಚೀಲದ ಮೇಲೆ ಇಟ್ಟು ಹೊಡೆದಾಗ ಎಡಗಣ್ಣು ಮುಚ್ಚಿದ್ದರಿಂದ ಎಲ್ಲ ಸರಿಯಿತ್ತು.

ಲೆನ್ಸಣ್ಣ ಅವಮಾನಕ್ಕಿಂತ ಹೆಚ್ಚಾಗಿ ಹಗುರಾದ. ಬಂದೂಕಿನ ವಿದ್ಯೆ ಅವನಿಗೆ ಬಾರದು, ಕಣ್ಣಿನ ವಿದ್ಯೆ ಬರುತ್ತದಲ್ಲ! ಹಳೆಯ ಕನ್ನಡಕವೊಂದನ್ನು ತಂದು, ಎಡಗಾಜಿನ ಮೇಲೆ ಬಟಾಣಿಯಷ್ಟು ಮಸುಕು ಟೇಪು ಅಂಟಿಸುವ ಉಪಾಯ ಹೂಡಿದ. ನಳಿಗೆಯ ಮಣಿ ಮಾತ್ರ ಎಡಗಣ್ಣಿಗೆ ಮರೆಯಾಗಬೇಕು, ಸುತ್ತಲಿನದೆಲ್ಲ ಕಾಣಬೇಕು. ಜಾಗ ಗುರುತಿಸಲು ಕೊಡೆಯನ್ನು ಬಂದೂಕಿನಂತೆ ಹಿಡಿದು ನಿಂತಾಗ, ಕೊಡೆಯ ತುದಿ ಹೆಂಡತಿಯ ಕಡೆ ತಿರುಗಿತು.

"ಲೋ! ಕೊಡೆಯಾದ್ರೂ ಮನುಷ್ಯರ ಕಡೆ ತಿರುಗಿಸ್ಬೇಡ!" ಎಂದು ಮಾವ ಗುಡುಗಿದ್ದಕ್ಕೆ ಬೀದಿಯಲ್ಲಿ ಹೋಗುತ್ತಿದ್ದವರು ನಿಂತು ನೋಡಿದರು. ಬಟ್ಟೆ ಒಣಹಾಕುವ ಕಂಬಕ್ಕೆ ಗುರಿ ಹಿಡಿದ. ಹೆಂಡತಿ ಟೇಪಿನ ತುಣುಕನ್ನು ಬೆರಳ ತುದಿಯಲ್ಲಿ ಹಿಡಿದು, ಗಾಜಿನ ಮೇಲೆ ಅತ್ತಿತ್ತ ಸರಿಸುತ್ತ, "ಇಲ್ಲೋ, ಇಲ್ಲೋ? ಹಿಂದಿನದು ಸ್ಪಷ್ಟವೋ, ಇದೋ?" ಎಂದು ಅವನ ಧಾಟಿಯಲ್ಲೇ ಅಣಕಿಸಿದಳು.

ಪರೀಕ್ಷೆಯ ದಿನ ಟೇಪಿನ ಕನ್ನಡಕ ನೋಡಿ ಒಂದಿಬ್ಬರು ಕಿಸಕ್ಕೆಂದರು. ಕಾಗದ ಬಿಚ್ಚಿ ತಂದ ಮೇಲೆ ಯಾರೂ ಕಿಸಕ್ಕೆನ್ನಲಿಲ್ಲ. ತಟ್ಟೆಯಗಲ ಕೇಳಿದ್ದರು, ಇವನು ಬಟ್ಟಲಗಲದಲ್ಲಿ ಮುಗಿಸಿದ್ದ. ಅಧಿಕಾರಿ ಬೆನ್ನು ತಟ್ಟಿದರು. ಮಾವ ಮೂಗು ಒರೆಸಿಕೊಂಡ.

ತಂಡದವರು ಸರದಿಯಂತೆ ಹೊಲದಂಚಿನ ಮರದ ಅಟ್ಟಣೆಯಲ್ಲಿ ಕೂರುತ್ತಿದ್ದರು. ಹಂದಿ ಯಾರ ಸರದಿಗೂ ಬರಲಿಲ್ಲ. ಲೆನ್ಸಣ್ಣನ ಸರದಿಯ ಸಂಜೆ, ಬಿಸಿಲು ಇನ್ನೂ ಜೋಳದ ತೆನೆಗಳ ಮೇಲಿರುವಾಗಲೇ, ದಂಟುಗಳು ಅಲುಗಾಡಿದವು. ಅದು ಹೊರಬಂತು. ಮುಂಗಾಲು ಎಳೆಯುತ್ತ, ಎರಡು ಹೆಜ್ಜೆಗೊಮ್ಮೆ ನಿಂತು ಮೂಸುತ್ತ. ಅವನು ಅಂದುಕೊಂಡಷ್ಟು ದೊಡ್ಡದಿರಲಿಲ್ಲ. ಹೆಂಡತಿಯನ್ನು ಗೇಟಿನೊಳಗೆ ಕೂರಿಸಿದ್ದು ಇಷ್ಟೇ ಇಷ್ಟು ಪ್ರಾಣಿಯೇ ಎಂದು ಸಿಟ್ಟೂ ಬಂತು, ಆ ಕುಂಟು ನೋಡಿ ಅಯ್ಯೋ ಅಂತಲೂ ಅನ್ನಿಸಿತು.

ಬಂದೂಕು ಭುಜಕ್ಕೇರಿತು. ಮಣಿ ಹಂದಿಯ ಮುಂಗಾಲಿನ ಹಿಂದೆ ಸರಿಯಾಗಿ ಕೂತಿತು. ಆದರೆ ಅದರ ಬೆನ್ನಾಚೆ ಓಣಿ, ಓಣಿಯಾಚೆ ತನ್ನದೇ ಮನೆಯ ಗೋಡೆ. ಬೆರಳನ್ನು ಟ್ರಿಗರಿನಿಂದ ದೂರ ಇಟ್ಟ. ಹಂದಿ ಅಲ್ಲೇ ನಿಂತು ಮಣ್ಣು ಕೆದಕಿತು. ಬೆವರು ಕನ್ನಡಕದೊಳಕ್ಕೆ ಇಳಿಯಿತು. ಈಗ ಬಿಟ್ಟರೆ ಮತ್ತೆ ಬರುತ್ತದೋ ಇಲ್ಲವೋ. ಹೊಡೆ ಎಂದು ಮೈಯೆಲ್ಲ ಕೂಗುತ್ತಿತ್ತು. ಅವನು ಹೊಡೆಯಲಿಲ್ಲ. ತಾಳಿದವನು ಬಾಳಿಯಾನು ಎಂದು ತನಗೆ ತಾನೇ ಹೇಳಿಕೊಂಡು ಬಂದೂಕನ್ನು ಕೆಳಗಿಳಿಸಿದ.

ಬಹಳ ಹೊತ್ತಾದ ಮೇಲೆ ಹಂದಿ ತಲೆಯೆತ್ತಿ, ಹೊಲದ ಬದಿಯ ಮಣ್ಣಿನ ಏರಿಯ ಕಡೆ ಕುಂಟಿತು. ಏರಿಗೆ ಅಡ್ಡಲಾಗಿ ನಿಂತಿತು. ಈಗ ಅದರ ಹಿಂದೆ ಮಣ್ಣಲ್ಲದೆ ಬೇರೇನೂ ಇರಲಿಲ್ಲ. ಕೆನ್ನೆ ಮರಕ್ಕೆ ಅಂಟಿತು. ಉಸಿರು ಅರ್ಧ ಹೊರಟಿತು. ಸದ್ದು ಯಾವಾಗ ಆಯಿತೆಂದು ಅವನಿಗೇ ತಿಳಿಯಲಿಲ್ಲ.

ಹಂದಿ ನಿಂತಲ್ಲೇ ಬಿತ್ತು. ಕಾಲು ಒಮ್ಮೆ ಅದುರಿತು, ಅಷ್ಟೇ.

ಮಾವ ಕಲಿಸಿದಂತೆ ಅವನು ಇಳಿಯಲಿಲ್ಲ. ಎರಡನೆಯ ತೋಟಾ ತುಂಬಿ, ನಳಿಗೆ ಅದರ ಕಡೆಯೇ ಹಿಡಿದು, ಕಾದ. ನೊಣವೊಂದು ಕಿವಿಯ ಮೇಲೆ ಕೂತರೂ ಅಲುಗಲಿಲ್ಲ. ಕೊನೆಗೆ ತೋಟಾ ತೆಗೆದು ಜೇಬಿಗೆ ಹಾಕಿ, ಬಂದೂಕು ಖಾಲಿಯೆಂದು ಬೆರಳು ಹಾಕಿ ನೋಡಿ, ಏಣಿಯಿಂದ ಇಳಿದು ಹುಲ್ಲಿನ ಮೇಲೆ ಕೂತುಬಿಟ್ಟ. ಹೋದ ಜೀವ ಬಂದಂತಾಗಿತ್ತು. ಒಂದೇ ಸದ್ದು. ಒಂದೇ.

ಆಗ ಓಣಿಯಲ್ಲಿ ಟಕ್, ಟಕ್ ಎಂದು ಕೇಳಿಸಿತು. ಲೆನ್ಸಣ್ಣ ತಲೆಯೆತ್ತಿದ. ಊರುಗೋಲು ಊರಿಕೊಂಡು, ತಾನು ಬಿದ್ದಿದ್ದ ಅದೇ ಜಾಗವನ್ನು ದಾಟಿಕೊಂಡು, ಅವನ ಹೆಂಡತಿ ಬರುತ್ತಿದ್ದಳು. ಮುಖ ಬಿಳಿಚಿತ್ತು, ಹೆಜ್ಜೆ ಮಾತ್ರ ನಿಲ್ಲುತ್ತಿರಲಿಲ್ಲ. ಅವಳ ಹಿಂದೆ ಮಾವ, ಕೈ ಹಿಡಿಯಲು ಹೋಗಿ, ಧೈರ್ಯ ಸಾಲದೆ ಹಿಂದೆಗೆಯುತ್ತ.

"ಎರಡನೇದಕ್ಕೆ ಕಾದೆ ಕಾದೆ, ಬರಲೇ ಇಲ್ಲ," ಎಂದಳು ಹತ್ತಿರ ಬಂದು, ಏದುಸಿರು ಬಿಡುತ್ತ. "ಅದಕ್ಕೇ ಬಂದೆ."

ದೂರದಲ್ಲಿ ಬಿದ್ದಿದ್ದ ಪ್ರಾಣಿಯನ್ನು ಒಂದು ಗಳಿಗೆ ನೋಡಿದಳು. "ಪಾಪ, ಅದಕ್ಕೂ ಬಿಡುಗಡೆ ಆಯ್ತು" ಎಂದು ಮುಖ ತಿರುಗಿಸಿದಳು.

"ಅಳಿಯಂದ್ರೇ, ಏಳಿ," ಎಂದ ಮಾವ. "ಹುಲ್ಲು ಒದ್ದೆ ಇದೆ, ಶೀತ ಆಗುತ್ತೆ ನಿಮಗೆ."

ಲೆನ್ಸಣ್ಣ ಏಳುವಷ್ಟರಲ್ಲಿ ಹೆಂಡತಿ ಶೆಡ್ಡಿನ ಕಡೆ ಕತ್ತು ಚಾಚಿ ನೋಡುತ್ತಿದ್ದಳು. ವ್ಯಾನಿನ ಮುಂದಿನ ಗಾಜಿಗೆ ಧೂಳು ಮೆತ್ತಿತ್ತು. ಒಂದು ಚಕ್ರದಲ್ಲಿ ಗಾಳಿ ಕಮ್ಮಿಯಾಗಿತ್ತು. ಅವಳ ಹಳೆಯ ಗಂಟಲು ಮರಳಿ ಬಂತು. "ಥೂ, ಆ ಹುಡುಗ ಗಾಡಿನ ಹೇಗೆ ಇಟ್ಟಿದ್ದಾನೆ ನೋಡ್ರೀ! ಕೀಲಿಕೈ ಅವನ ಹತ್ರ ಈಗಲೇ ಇಸ್ಕೊಂಡು ಬನ್ನಿ. ಬೆಳಗ್ಗೆ ನಾನೇ ತೆಗೀತೀನಿ."

ಅವನು ಜೇಬಿಗೆ ಕೈ ಹಾಕಿದ. ಹೊಡೆಯದೆ ಉಳಿದ ತೋಟಾದ ಜೊತೆ ಕೀಲಿಕೈಯೂ ಕೈಗೆ ಬಂತು. ಎರಡನ್ನೂ ಅಂಗೈಯಲ್ಲಿ ಹಿಡಿದು ಅವಳ ಮುಂದೆ ಚಾಚಿದ. ಇದೋ ಅದೋ ಎಂದು ಅವನು ಕೇಳುವ ಮೊದಲೇ ಅವಳು ಕೀಲಿಕೈ ಎತ್ತಿಕೊಂಡಳು. ಅವನ ಮೂಗಿನಿಂದ ಕನ್ನಡಕ ತೆಗೆದು, ಟೇಪಿನ ತುಣುಕನ್ನು ಉಗುರಿನಿಂದ ಕಿತ್ತು, ಸೆರಗಿನಲ್ಲಿ ಗಾಜು ಒರೆಸಿ ಮತ್ತೆ ಏರಿಸಿದಳು. ಒರೆಸಿದರೂ ಅವನಿಗೆ ಎರಡೂ ಕಣ್ಣಿನಲ್ಲಿ ಅವಳು ಮಸುಕಾಗಿಯೇ ಕಂಡಳು.